ಹಾಶಿಯಾ ಇಲ್ಲದ ಕಿಟಕಿ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಅವರು ನೋಡುತ್ತಿರುವುದು ಸೋಸಿ ಉಳಿದ ಕೋಪವನ್ನು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಕೋಪದ ಜೊತೆಗೆ ಜಂಬವೂ ಇತ್ತು, ಎರಡೂ ಒಂದರ ಹೆಗಲ ಮೇಲೆ ಒಂದು ಕೈಹಾಕಿಕೊಂಡು ಓಡಾಡುತ್ತಿದ್ದವು. ಆ ಜಂಬವನ್ನು ನನ್ನಿಂದ ಬಿಡಿಸಿದವರು ಇಬ್ಬರು ಹಿರಿಯರು. ಒಬ್ಬರು ಹರಿಹರದವರು, ಇನ್ನೊಬ್ಬರು ಆನಗೋಡಿನವರು. ಇಬ್ಬರೂ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಆಡಿ ಹಾಗೆಯೇ ಉಳಿದುಬಿಡುತ್ತಿದ್ದೆನೋ ಏನೋ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಹರಿಹರದಲ್ಲಿ ಬಿ.ಎಸ್ಸಿ. ಮುಗಿಸಿ, ಹುಬ್ಬಳ್ಳಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಒಂದು ವರ್ಷದ ಕಂಪ್ಯೂಟರ್ ಕೋರ್ಸ್ ಮಾಡಿ ಊರಿಗೆ ಬಂದಿದ್ದೆ. ದಾವಣಗೆರೆಯ ಒಂದು ಹತ್ತಿ ಗಿರಣಿಯವರು ಆಗಷ್ಟೇ ಕಂಪ್ಯೂಟರ್ ತರಿಸಿದ್ದರು. ತರಿಸಿದ ಮೇಲೆ ಅದರಿಂದ ಏನು ಮಾಡಿಸಬೇಕೆಂದು ಯಾರಿಗೂ ತಿಳಿಯದೆ, ಎರಡು ತಿಂಗಳು ಹೊದಿಕೆ ಹಾಕಿಟ್ಟು ಅಮಾವಾಸ್ಯೆಗೊಮ್ಮೆ ಅದರ ಮುಂದೆ ಕಾಯಿ ಒಡೆಯುತ್ತಿದ್ದರಂತೆ. ನನ್ನನ್ನು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡರು. ಕೆಲಸ ಮನಸ್ಸಿಗೆ ಬಂದರೆ ಕಾಯಂ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಮೊದಲ ಕೆಲಸವಾಗಿ ಗೋದಾಮನ್ನು ಕೊಟ್ಟರು. ಪ್ರತಿದಿನ ಬೆಳಿಗ್ಗೆ ಲಾರಿಗಳಲ್ಲಿ ಒತ್ತಿ ಕಟ್ಟಿದ ಹತ್ತಿಯ ದೊಡ್ಡ ಮೂಟೆಗಳು, ಅಂದರೆ ಬೇಲುಗಳು, ಬರುತ್ತಿದ್ದವು. ಒಂದೊಂದು ಬೇಲಿನ ಗೋಣಿಯ ಮೇಲೂ ಮಸಿಯಲ್ಲಿ ಬರೆದ ಒಂದು ಗುರುತು. ಗೋದಾಮಿನ ಬಾಗಿಲಲ್ಲಿ ನಿಂತವರು ಆ ಗುರುತನ್ನು ಕೂಗಬೇಕು, ಪಕ್ಕದ ಕೋಣೆಯೊಳಗೆ ಮೇಜಿನ ಹತ್ತಿರ ಕೂತವರು ಅದನ್ನು ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಬೇಲಿಗೊಂದು ಸಾಲು. ಮಧ್ಯಾಹ್ನ ತೂಕವಾದ ಮೇಲೆ ಆ ಸಾಲಿನ ಎದುರು ತೂಕ ಬರೆಯುವುದು. ಈ ರಿಜಿಸ್ಟರ್ ಕಂಪ್ಯೂಟರಿಗೆ ಬರಬೇಕಿತ್ತು.

ಕೂಗುವವರು ಗೋದಾಮಿನ ಕಾಕಾ. ಆನಗೋಡಿನಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಬೆಳ್ಳಿಯ ಉಡಿದಾರಕ್ಕೆ ಕಟ್ಟಿದ ಕೀಲಿ ಗೊಂಚಲು. ಅವರು ಬರುವ ಮೊದಲು ಕೀಲಿಯ ಸದ್ದು ಬರುತ್ತಿತ್ತು. ಬರೆಯುವವರು ಮುನ್ಶಿ ಚಾಚಾ. ಹರಿಹರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಅವರ ಮನೆ. ನಾನೂ ಅವರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಬಿಳಿ ಟೋಪಿ, ಜೇಬಿನಲ್ಲಿ ಎರಡು ಪೆನ್ನು, ಕನ್ನಡವೂ ಉರ್ದುವೂ ಒಂದೇ ಅಂದದ ಅಕ್ಷರ. ಇಪ್ಪತ್ತೆರಡು ವರ್ಷಗಳಿಂದ ಇವರು ಕೂಗಿದ್ದನ್ನು ಅವರು ಬರೆಯುತ್ತಾ ಬಂದಿದ್ದರು.

ಇಬ್ಬರಿಗೂ ದಿನಕ್ಕೊಂದು ಜಗಳ ಆಗಲೇಬೇಕು. "ಏನೋ ಮುನ್ಶಿ, ನಿದ್ದಿ ಮಾಡಾಕ ಹತ್ತೀಯೇನು? ಬರಿ!" ಎಂದು ಬಾಗಿಲಿನಿಂದ ಕಾಕಾ. "ನಿನ್ನ ಗಂಟಲಾಗ ಹತ್ತಿ ಅರಳಿ ಸಿಕ್ಕಂಡೈತೆ ಅಣ್ಣಾ, ಮೊದಲು ಅದನ್ನ ತಗಿ, ಆಮ್ಯಾಲೆ ಕೂಗು" ಎಂದು ಒಳಗಿನಿಂದ ಚಾಚಾ. ಸಂಜೆ ನಾಲ್ಕಕ್ಕೆ ಇಬ್ಬರೂ ಒಂದೇ ಕಾಗದದ ಮೇಲೆ ಮಂಡಕ್ಕಿ ಸುರುವಿಕೊಂಡು, ಮೆಣಸಿನಕಾಯಿ ಕಚ್ಚುತ್ತಾ, ಬೆಳಗಿನ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.

ನಾನು ಪ್ರೋಗ್ರಾಮ್ ಬರೆಯಲು ಕೂತೆ. ಎಣಿಕೆ, ಕೂಡುವುದು, ಕಳೆಯುವುದು ಎಲ್ಲ ಹದಿನೈದು ದಿನಕ್ಕೆ ಮುಗಿಯಿತು. ಮಿಕ್ಕ ಒಂದೂವರೆ ತಿಂಗಳನ್ನು ನಾನು ಕಳೆದದ್ದು ಕಿಟಕಿಗಳಿಗಾಗಿ. ಪರದೆಯ ಮೇಲೆ ಚೌಕಟ್ಟು ಎಳೆದು, ಅದರೊಳಗೆ ಮಾತ್ರ ಬರೆಯುವಂತೆ ಮಾಡುವುದಕ್ಕೆ ನಮ್ಮ ಕೋರ್ಸಿನಲ್ಲಿ ಕಿಟಕಿ ಎನ್ನುತ್ತಿದ್ದರು. ಈಗಿನಂತೆ ಹೊಂದಿಸಿಟ್ಟ ಕಿಟಕಿಗಳು ನಮಗೆ ಸಿಗುತ್ತಿರಲಿಲ್ಲ. ಇಪ್ಪತ್ತೈದು ಸಾಲು, ಸಾಲಿಗೆ ಎಂಬತ್ತು ಅಕ್ಷರದ ಜಾಗ, ಅಷ್ಟೇ ಪರದೆ. ಪ್ರತಿ ಅಕ್ಷರಕ್ಕೂ ಒಂದು ನಂಬರು. ೨೦೧ ಎಂದರೆ ಜೋಡಿ ಗೆರೆಯ ಎಡ ಮೂಲೆ, ೨೦೫ ಎಂದರೆ ಅಡ್ಡ ಗೆರೆ, ೧೮೭ ಎಂದರೆ ಬಲ ಮೂಲೆ. ಮಗ್ಗಿ ಕಲಿತಂತೆ ಅವನ್ನು ಬಾಯಿಪಾಠ ಮಾಡಿದ್ದೆ. ಒಂದೊಂದೇ ಅಕ್ಷರ ಇಟ್ಟು ಚೌಕಟ್ಟು ಕಟ್ಟಬೇಕು, ಒಳಗಿನ ಬಣ್ಣ ಹೇಳಬೇಕು, ಅಕ್ಷರದ ಬಣ್ಣ ಹೇಳಬೇಕು, ಮುಚ್ಚಿದಾಗ ಕೆಳಗಿದ್ದದ್ದು ಮತ್ತೆ ಕಾಣುವಂತೆ ಮೊದಲೇ ಅದನ್ನು ಎತ್ತಿಟ್ಟುಕೊಳ್ಳಬೇಕು.

ಬೇಲು ಬರೆಯುವ ನನ್ನ ಕಿಟಕಿ ನಡುವಿನ ಒಂದು ಚುಕ್ಕೆಯಿಂದ ಶುರುವಾಗಿ ನಾಲ್ಕೂ ಕಡೆಗೆ ಬೆಳೆದು ತೆರೆದುಕೊಳ್ಳುತ್ತಿತ್ತು. ನೀಲಿ ನೆಲ, ಹಳದಿ ಜೋಡಿ ಗೆರೆ. ಬಲಗಡೆಗೂ ಕೆಳಗಡೆಗೂ ಇರುವ ಅಕ್ಷರಗಳನ್ನು ಮಬ್ಬು ಮಾಡಿ, ಕಿಟಕಿಗೆ ನೆರಳು ಬಿದ್ದಂತೆ ಮಾಡಿದ್ದೆ. ಆ ನೆರಳಿಗಾಗಿ ಎಂಟು ದಿನ ಒದ್ದಾಡಿದ್ದೆ. ಅದು ಬಂದ ದಿನ ಗೋದಾಮಿಗೆ ಓಡಿಹೋಗಿ ಇಬ್ಬರನ್ನೂ ಕರೆದುಕೊಂಡು ಬಂದೆ.

ಚಾಚಾ ಟೋಪಿ ಸರಿಮಾಡಿಕೊಂಡು, "ಮಾಶಾಅಲ್ಲಾ, ಮೊಗ್ಗು ಅರಳಿದಂಗೆ ತೆರೀತೈತಲ್ಲ ಬೇಟಿ" ಎಂದರು.

ಕಾಕಾ ಪರದೆಯ ಹಿಂದೆ ಬಗ್ಗಿ ನೋಡಿ ಬಂದರು. "ನೆರಳು ಬಿದ್ದೈತಲ್ಲವ್ವಾ, ಬಿಸಲು ಎಲ್ಲೈತೆ?"

"ಮೇಲೆ, ಎಡಗಡೆಗೆ ಐತೆ ಅಂದ್ಕೊಳ್ರಿ ಕಾಕಾ."

"ದಿನಾಪೂರ್ತಿ ಅಲ್ಲೇ ಇರ್ತಾನೇನು ಸೂರ್ಯ? ಪುಣ್ಯಾತ್ಮ, ಅವನಿಗೂ ನಮ್ಮಂಗೆ ಡ್ಯೂಟಿ ಇಲ್ಲೇನು?"

ನಗಬೇಕಿತ್ತು. ನಾನು ಮುಖ ಊದಿಸಿಕೊಂಡೆ. ಎಂಟು ದಿನದ ಕೆಲಸಕ್ಕೆ ಸಿಕ್ಕ ಬಹುಮಾನ ಇದೇನಾ ಎಂದು.

ಚಾಚಾ ಮಾತ್ರ ಪರದೆಯನ್ನೇ ನೋಡುತ್ತಾ ನಿಂತಿದ್ದರು. "ಎಲ್ಲಾ ಛಲೋ ಐತೆ ಬೇಟಿ, ಆದ್ರೆ ಹಾಶಿಯಾ ಎಲ್ಲಿ?" ಎಂದು ಕೇಳಿದರು. ರಿಜಿಸ್ಟರಿನ ಹಾಳೆಯಲ್ಲಿ ಬರೆಯುವ ಜಾಗದ ಸುತ್ತ ಖಾಲಿ ಬಿಡುವ ಅಂಚಿಗೆ ಅವರು ಹಾಶಿಯಾ ಎನ್ನುತ್ತಿದ್ದರು. ಮೇಲಂಚಿನಲ್ಲಿ ಮೂರು ಬೆರಳಗಲ ಬಿಡದೆ ಅವರು ಹಾಳೆ ಶುರುಮಾಡಿದವರೇ ಅಲ್ಲ.

"ಪರದೆಯಲ್ಲಿ ಅಷ್ಟೆಲ್ಲ ಜಾಗ ಇಲ್ಲ ಚಾಚಾ. ಒಂದೊಂದು ಸಾಲಿಗೂ ಬೆಲೆ ಐತೆ" ಎಂದೆ. ಚೌಕಟ್ಟಿನ ಮೇಲಿನ ಗೆರೆಗೆ ತಾಗಿಕೊಂಡೇ ಮೊದಲ ಬೇಲಿನ ಸಾಲು ಬರುವಂತೆ ಮಾಡಿ, ಒಂದೇ ಸಲಕ್ಕೆ ಹದಿನೆಂಟು ಬೇಲು ಕಾಣುವಂತೆ ಹಿಡಿಸಿದ್ದೆ. ಒಂದು ಸಾಲೂ ಪೋಲಾಗಿರಲಿಲ್ಲ. ಅದು ನನ್ನ ಹೆಮ್ಮೆ.

"ಹಂಗಾ? ನಿಮಗೆ ಗೊತ್ತಿರತೈತೆ ಬಿಡ್ರಿ" ಎಂದರು ಚಾಚಾ.

ಚಾಚಾರ ಮೇಜಿಗೇ ಕಂಪ್ಯೂಟರ್ ತಂದಿಟ್ಟು, ಒಂದು ವಾರ ಪಕ್ಕದಲ್ಲಿ ಕೂತು ಕಲಿಸಿದೆ. ಅವರ ವಯಸ್ಸಿಗೆ ಕೀಬೋರ್ಡು ಒಗ್ಗುವುದು ಸುಲಭವಿರಲಿಲ್ಲ. ಒಂದು ಕೀ ತಪ್ಪಿದರೂ ನಾನು ಸಿಡುಕುತ್ತಿದ್ದೆ. ಅಪ್ಪನಿಗಿಂತ ಹಿರಿಯರ ಮೇಲೆ ಹಾಗೆ ಸಿಡುಕಿದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ. ನನ್ನ ಕೋಪಕ್ಕೆ ಹೆದರಿ, ನಾನು ಪಕ್ಕದಲ್ಲಿರುವಷ್ಟು ದಿನ ಹೇಳಿದ ಕೀಯನ್ನು ಮಾತ್ರ ಒತ್ತಿದರು. ಹೊಸ ತಿಂಗಳ ಒಂದನೆಯ ತಾರೀಖಿನಿಂದ ಅವರನ್ನು ಅವರ ಪಾಡಿಗೆ ಬಿಟ್ಟು, ನಾನು ಇನ್ನೊಂದು ಕೋಣೆಯಲ್ಲಿ ಬೇರೆ ಕೆಲಸಕ್ಕೆ ಕೂತೆ. ರಿಜಿಸ್ಟರ್ ನಿಂತಿತು. ಕಾಕಾ ಕೂಗುವುದು, ಅದರ ಹಿಂದೆಯೇ ಕೀಗಳ ಟಕಟಕ, ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಕೇಳಿದಾಗಲೆಲ್ಲ ಹೊಟ್ಟೆ ತುಂಬಿದಂತಾಗುತ್ತಿತ್ತು.

ತಿಂಗಳು ಮುಗಿಯಿತು. ಮ್ಯಾನೇಜರು ಕಂಪ್ಯೂಟರಿನ ಎಣಿಕೆ ಮುದ್ರಿಸಿ ಕೊಡಲು ಹೇಳಿದರು. ಎಷ್ಟು ಬೇಲು ಬಂದವು, ಎಷ್ಟು ಯಂತ್ರಕ್ಕೆ ಹೋದವು, ಎಷ್ಟು ಗೋದಾಮಿನಲ್ಲಿ ಉಳಿದಿರಬೇಕು, ಮೂರೇ ಸಾಲಿನ ಕಾಗದ. ಅದನ್ನು ಹಿಡಿದು ಗೋದಾಮಿಗೆ ಹೋಗಿ ಎಣಿಸಿದರು. ಇಪ್ಪತ್ನಾಲ್ಕು ಬೇಲು ಕಡಿಮೆ. ಮತ್ತೊಮ್ಮೆ ಎಣಿಸಿದರು. ಅಷ್ಟೇ ಕಡಿಮೆ.

ಮ್ಯಾನೇಜರು ಎಲ್ಲರ ಎದುರು ನನ್ನನ್ನು ಕೇಳಿದರು, "ಏನಮ್ಮಾ, ನಿನ್ನ ಲೆಕ್ಕ ಸರಿ ಐತಾ?"

ಕೂಡಿಸುವ ಕಳೆಯುವ ಭಾಗವನ್ನು ನಾನು ಹತ್ತು ಸಲ ಪರೀಕ್ಷೆ ಮಾಡಿದ್ದೆ. ಅದರಲ್ಲಿ ತಪ್ಪಿರಲಿಲ್ಲ, ಈಗಲೂ ಹೇಳುತ್ತೇನೆ. ಎದೆ ಸೆಟೆಸಿ, "ಕಂಪ್ಯೂಟರ್ ತಪ್ಪು ಮಾಡಲ್ಲ ಸಾರ್" ಎಂದೆ.

ಆ ಮಾತು ಬಾಯಿಂದ ಹೋದ ಮೇಲಷ್ಟೇ ಅದು ಎಲ್ಲಿಗೆ ಹೋಗಿ ತಾಗುತ್ತದೆ ಎನ್ನುವುದು ನನಗೆ ಕಂಡದ್ದು. ಯಂತ್ರ ತಪ್ಪು ಮಾಡಿಲ್ಲವೆಂದರೆ ಮನುಷ್ಯ ಮಾಡಿರಬೇಕು. ಗೋದಾಮಿನ ಕೀಲಿ ಇದ್ದದ್ದು ಒಬ್ಬರ ಸೊಂಟದಲ್ಲಿ ಮಾತ್ರ.

ಮ್ಯಾನೇಜರು ಕೆಟ್ಟವರಲ್ಲ, ಅವರ ಮೇಲೂ ಕೇಳುವವರಿದ್ದರು. "ಒಂದು ವಾರದಾಗ ಲಿಖಿತ ಉತ್ತರ ಕೊಡ್ರಿ. ಅಲ್ಲೀತನಕ ಕೀಲಿ ಆಫೀಸಿನಾಗ ಇರ್ಲಿ" ಎಂದರು. ಕಾಕಾರ ನಿವೃತ್ತಿಗೆ ಮೂರು ತಿಂಗಳಿತ್ತು. ಅವರು ಉಡಿದಾರದಿಂದ ಗೊಂಚಲನ್ನು ಬಿಚ್ಚಲು ಹೋದರು. ವರ್ಷಗಟ್ಟಲೆ ಬಿಚ್ಚದ ಗಂಟು, ಸಡಿಲವಾಗಲಿಲ್ಲ. ಕೊನೆಗೆ ಚಾಚಾ ಮುಂದೆ ಬಂದು, ಬಗ್ಗಿ, ಹಲ್ಲಿನಿಂದ ಎಳೆದು ಗಂಟು ಬಿಚ್ಚಿಕೊಟ್ಟರು.

"ಉಕ್ಕಡಗಾತ್ರಿ ಅಜ್ಜಯ್ಯನ ಆಣಿಗೂ ಸಾಹೇಬ್ರೆ, ಒಂದೆಳಿ ಅರಳಿನೂ ನಾನು ಮನಿಗೆ ಒಯ್ದಿಲ್ಲ" ಎಂದರು ಕಾಕಾ. ದನಿ ಏರಲಿಲ್ಲ. ಬಾಗಿಲಲ್ಲಿ ನಿಂತು ಲಾರಿಯ ಮೇಲಿನವರಿಗೂ ಕೇಳುವಂತೆ ಕೂಗುತ್ತಿದ್ದ ಗಂಟಲು ಅದು.

ಆ ವಾರದ ಬಸ್ ಪ್ರಯಾಣ ನನಗೆ ಮರೆತಿಲ್ಲ. ಚಾಚಾ ಎಂದಿನಂತೆ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದರು. ಮೂರನೆಯ ದಿನ ತಾವಾಗಿಯೇ, "ಬೇಟಿ, ನನ್ನ ತಮ್ಮ ಕದ್ದಾನ ಅಂದ್ರೆ ನಾ ನಂಬತೀನಿ. ಆ ಅಣ್ಣ ಕದ್ದಾನ ಅಂದ್ರೆ ನಂಬಂಗಿಲ್ಲ" ಎಂದರು. "ಬೇಲಂದ್ರೆ ಊಟದ ಡಬ್ಬ್ಯಾಗ ಹಾಕ್ಕಂಡು ಹೋಗೋ ಸಾಮಾನೇನು? ಇಪ್ಪತ್ನಾಲ್ಕು ಬೇಲು! ಎತ್ತಾಕ ಆರು ಮಂದಿ ಬೇಕು. ಯಾರಾದ್ರೂ ನೋಡಿರಬೇಕಲ್ಲ."

ನನಗೂ ಅದೇ ಅನುಮಾನ ಕೊರೆಯುತ್ತಿತ್ತು. ಆದರೆ ಪ್ರೋಗ್ರಾಮನ್ನು ಮತ್ತೆ ಮತ್ತೆ ಓದಿದರೂ ಎಣಿಕೆಯಲ್ಲಿ ತಪ್ಪು ಸಿಗುತ್ತಿರಲಿಲ್ಲ. ಸಿಗದಿದ್ದಾಗ ಸಮಾಧಾನವೂ ಆಗುತ್ತಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನನ್ನ ಕೆಲಸ ಉಳಿಯಿತು ಎಂಬ ಸಮಾಧಾನ ಅದು.

ಕಾಕಾ ಕೀಲಿಯಿಲ್ಲದಿದ್ದರೂ ದಿನಾ ಬಂದು ಗೋದಾಮಿನ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದರು. ಬೇರೆ ಯಾರೋ ಬಾಗಿಲು ತೆಗೆಯುತ್ತಿದ್ದರು, ಬೇರೆ ಯಾರೋ ಕೂಗುತ್ತಿದ್ದರು. ಐದನೆಯ ದಿನ ಮಧ್ಯಾಹ್ನ ಅವರು ನನ್ನ ಕೋಣೆಯ ಬಾಗಿಲಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು ನಿಂತರು. ಜಗಳಕ್ಕೇ ಬಂದಿದ್ದಾರೆಂದು ನಾನು ಮೈಯೆಲ್ಲ ಬಿಗಿಮಾಡಿಕೊಂಡೆ.

"ಅವ್ವಾ, ಆ ಇಪ್ಪತ್ನಾಲ್ಕು ಬೇಲು ನಿನ್ನ ಪರದಿ ಒಳಗೆ ಅದಾವಂತಲ್ಲ?"

"ಹೂಂ ಕಾಕಾ."

"ಒಂದ್ಸಲ ನನಗ ತೋರಸ್ತೀಯಾ? ಕೂಗಿದಾವ ನಾನು. ನನ್ನ ಬೇಲಿನ ಗುರುತು ನನಗೆ ಗೊತ್ತಾಗ್ತೈತೆ."

ನಾಚಿಕೆಯಿಂದ ಹೇಳುತ್ತೇನೆ, ಆ ತಿಂಗಳ ಎಲ್ಲ ಸಾಲುಗಳನ್ನು ಒಂದೊಂದಾಗಿ ತೆರೆದು ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಎಣಿಸುವ ವಿಧಾನವನ್ನು ಪರೀಕ್ಷಿಸಿದ್ದೆ, ಎಣಿಸಿದ್ದು ಏನನ್ನು ಎಂದು ನೋಡಿರಲಿಲ್ಲ. "ಬರ್ರಿ ಕಾಕಾ" ಎಂದು, ನಮಾಜಿಗೆ ಹೋಗಿದ್ದ ಚಾಚಾರ ಮೇಜಿಗೆ ಕರೆದೊಯ್ದು ಕುರ್ಚಿ ಎಳೆದು ಕೊಟ್ಟೆ. ಅವರು ಕೂತುಕೊಂಡರು. ತಿಂಗಳ ಮೊದಲ ದಿನದಿಂದ ಸಾಲುಗಳನ್ನು ಪರದೆಯ ಮೇಲೆ ತಂದು, ಬಾಣದ ಕೀ ಒತ್ತುತ್ತಾ ಒಂದೊಂದೇ ಕೆಳಗೆ ಇಳಿಸತೊಡಗಿದೆ. ಗುರುತುಗಳನ್ನು ನಾನು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. "ಹೂಂ, ಅದು ಹೊಸದುರ್ಗದ ಕಡೀದು. ಹೂಂ, ಅದರ ಗೋಣಿ ಹರದಿತ್ತು." ಒಂದೂ ತಪ್ಪುತ್ತಿರಲಿಲ್ಲ.

ಆದರೆ ಮೊದಲ ದಿನದ ಮೊದಲ ಸಾಲಿಗೆ ಅವರು ಹೂಂಗುಟ್ಟಿರಲಿಲ್ಲ. ಎರಡನೆಯ ದಿನದ ಮೊದಲ ಸಾಲು ಬಂದಾಗ ಮತ್ತೆ ಅದೇ ಗುರುತು. ನಾನು ಓದಿದೆ, "ಏಳುನೂರಾ ಎಂಬತ್ತಾರು."

ಅವರು ಕಣ್ಣು ತೆರೆದರು. "ಮುಂದಿನ ದಿನಕ್ಕೆ ಹೋಗು."

ಮೂರನೆಯ ದಿನ. ಮೊದಲ ಸಾಲು, ೭೮೬. ತೂಕದ ಜಾಗ ಖಾಲಿ. ನಾಲ್ಕನೆಯ ದಿನ, ೭೮೬. ಕಾಕಾ ಪರದೆಯ ಹತ್ತಿರಕ್ಕೆ ಮುಖ ತಂದರು. ಹನ್ನೊಂದನೆಯ ದಿನ ಮತ್ತು ಹನ್ನೆರಡನೆಯ ದಿನ ಅದು ಇರಲಿಲ್ಲ. "ಈ ಎರಡು ದಿನ ಮುನ್ಶಿ ತನ್ನ ಸೊಸಿ ತಂಗಿ ಮದುವಿಗೆ ಹೋಗಿದ್ದ. ನೀನೇ ಬರದಿದ್ದಿ" ಎಂದರು. ಹದಿಮೂರರಿಂದ ಮತ್ತೆ ಶುರು. ಮುನ್ಶಿ ಚಾಚಾ ಕೆಲಸಕ್ಕೆ ಬಂದ ಇಪ್ಪತ್ನಾಲ್ಕು ದಿನ, ದಿನಕ್ಕೊಂದರಂತೆ ಇಪ್ಪತ್ನಾಲ್ಕು ಸಾಲು.

ಹಳೆಯ ರಿಜಿಸ್ಟರುಗಳನ್ನು ನಾನು ಎಷ್ಟು ಸಲ ತಿರುವಿಹಾಕಿರಲಿಲ್ಲ! ಚಾಚಾ ಬರೆದ ಪ್ರತಿ ಹಾಳೆಯ ಮೇಲಂಚಿನಲ್ಲೂ ಸಣ್ಣಗೆ ೭೮೬. ದೇವರ ಹೆಸರು ಹೇಳದೆ ಬರವಣಿಗೆ ಶುರುಮಾಡಬಾರದೆಂದು, ಬಿಸ್ಮಿಲ್ಲಾ ಎನ್ನುವುದಕ್ಕೆ ಬದಲಾಗಿ ಬರೆಯುವ ಅಂಕಿ. ಅವರು ರಜೆ ಹಾಕಿದ ದಿನ ಕಾಕಾ ಬರೆದ ಹಾಳೆಗಳ ಮೇಲೆ ಶ್ರೀ. ಹಾಳೆಯ ನೆತ್ತಿ ನೋಡಿದರೆ ಸಾಕು, ಅವತ್ತು ಯಾರು ಬರೆದದ್ದೆಂದು ಗೊತ್ತಾಗುತ್ತಿತ್ತು. ನನ್ನ ಕಿಟಕಿಯಲ್ಲಿ ಮೇಲಂಚೇ ಇರಲಿಲ್ಲ. ಕಿಟಕಿ ತೆರೆದ ಕೂಡಲೇ ಸಿಗುತ್ತಿದ್ದ ಮೊದಲ ಜಾಗವೇ ಮೊದಲ ಬೇಲಿನದು. ಚಾಚಾ ಅಲ್ಲಿ ೭೮೬ ಒತ್ತಿ, ಎಂಟರ್ ಒತ್ತಿ, ಕೆಳಗಿಳಿದು ಕೆಲಸ ಶುರುಮಾಡಿದ್ದಾರೆ. ತೂಕ ಮಧ್ಯಾಹ್ನ ಬರುತ್ತದೆಂದು ಆ ಜಾಗ ಖಾಲಿ ಬಿಟ್ಟರೂ ನಡೆಯುವಂತೆ ಮಾಡಿದ್ದವಳು ನಾನು. ಸಾಲಿಗೊಂದು ಬೇಲು ಎಂದು ಯಂತ್ರಕ್ಕೆ ಹೇಳಿಕೊಟ್ಟವಳೂ ನಾನು. ಯಂತ್ರ ದೇವರ ಹೆಸರನ್ನೂ ಒಂದು ಬೇಲೆಂದು ಎಣಿಸಿತ್ತು.

ಚಾಚಾರಿಗೆ ಅನುಮಾನ ಬಾರದ್ದು ಯಾಕೆಂದು ಆಮೇಲೆ ಯೋಚಿಸಿದ್ದೇನೆ. ಅವರ ಮನಸ್ಸಿನಲ್ಲಿ ಅದು ಬರವಣಿಗೆಯೇ ಅಲ್ಲ, ಬರವಣಿಗೆಗೆ ಮುಂಚಿನದು. ಬಾಗಿಲು ತೆರೆಯುವ ಮೊದಲು ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ಯಾರಾದರೂ ಕೆಲಸದ ಲೆಕ್ಕಕ್ಕೆ ಸೇರಿಸುತ್ತಾರೆಯೇ?

"ಇವು ಬೇಲಲ್ಲವ್ವಾ" ಎಂದರು ಕಾಕಾ. ಅವರ ಮುಖದಲ್ಲಿ ನಾನು ಗೆಲುವನ್ನು ಹುಡುಕಿದೆ, ಕೋಪವನ್ನೂ ಹುಡುಕಿದೆ. ಐದು ದಿನ ಕಳ್ಳನೆಂದು ಬೆಂಚಿನ ಮೇಲೆ ಕೂತವರು. ಅವರು ಮೇಲೆದ್ದು, ಬಾಗಿಲಿನ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ್ದು ಇಷ್ಟು: "ಮುನ್ಶಿಗೆ ಹೇಳಬ್ಯಾಡ. ನನ್ನ ಕೀಲಿ ತನ್ನಿಂದ ಹೋತು ಅಂತ ಗೊತ್ತಾದ್ರೆ ಉಣ್ಣಂಗಿಲ್ಲ ಆ ಮನಷ್ಯಾ. ಮ್ಯಾನೇಜರಿಗೂ ಆತನ ಸುದ್ದಿ ಎತ್ತಬ್ಯಾಡ. ಬ್ಯಾರೆ ಏನರೆ ಹೇಳು."

ಬೇರೆ ಏನೋ ಹೇಳಬೇಕಾದ ಕೆಲಸವೇ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ತಪ್ಪು ನನ್ನದೇ. ಮ್ಯಾನೇಜರ ಮುಂದೆ ಹೋಗಿ ನಿಂತೆ. ಕಿಟಕಿಯನ್ನು ನಾನು ತಪ್ಪಾಗಿ ಕಟ್ಟಿದ್ದೇನೆ, ತಲೆಬರಹಕ್ಕೆ ಜಾಗ ಬಿಟ್ಟಿಲ್ಲ, ದಿನಾ ತಲೆಬರಹದ ಸಾಲೂ ಬೇಲೆಂದು ಎಣಿಕೆಯಾಗಿದೆ, ಇಪ್ಪತ್ನಾಲ್ಕು ಬೇಲು ಎಂದೂ ಬಂದೇ ಇಲ್ಲ ಎಂದೆ.

"ಕಂಪ್ಯೂಟರ್ ತಪ್ಪು ಮಾಡಲ್ಲ ಅಂದಿದ್ಯಲ್ಲಮ್ಮಾ?"

"ಅದು ಮಾಡಿಲ್ಲ ಸಾರ್. ನಾನು ಮಾಡೀನಿ."

ಅವರು ಬೈದರು. ಬಹಳ ಹೊತ್ತು ಬೈದರು. ಜೀವನದಲ್ಲಿ ಮೊದಲ ಬಾರಿಗೆ ನಾನು ಎದುರಾಡದೆ ಕೇಳಿದೆ. ಅವರು ಮುಗಿಸಿ ಮೇಜಿನ ಖಾನೆಯಿಂದ ಗೊಂಚಲು ತೆಗೆದು, "ತಗೋ, ಒಯ್ದು ಕೊಡು" ಎಂದು ನನ್ನ ಮುಂದೆ ಇಟ್ಟಾಗ ಮಾತ್ರ ನನ್ನ ಹಳೆಯ ಬುದ್ಧಿ ತಲೆಯೆತ್ತಿತು.

"ಎಲ್ಲರ ಮುಂದೆ ತಗೊಂಡ್ರಿ ಸಾರ್. ಎಲ್ಲರ ಮುಂದೆ ನೀವೇ ಕೊಡಬೇಕು."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಆರು ತಿಂಗಳ ನೌಕರಿ, ಅದೂ ಗಾಳಿಯಲ್ಲಿ ತೂಗಾಡುತ್ತಿತ್ತು. ಮ್ಯಾನೇಜರು ಗೊಂಚಲು ಹಿಡಿದು ಎದ್ದರು. ಗೋದಾಮಿನ ಮುಂದೆ, ಕೂಲಿಯವರು ಲಾರಿಯವರು ಎಲ್ಲ ನಿಂತು ನೋಡುತ್ತಿರುವಾಗ, ಕೀಲಿಯನ್ನು ಎರಡೂ ಕೈಯಿಂದ ಕಾಕಾರಿಗೆ ಕೊಟ್ಟು, "ತಪ್ಪಾತು ರೀ ಹಿರಿಯರೇ" ಎಂದರು. ಅವರನ್ನು ಕೆಟ್ಟವರಲ್ಲ ಎಂದು ಮೊದಲೇ ಹೇಳಿದ್ದೆನಲ್ಲ, ಅದಕ್ಕೆ ಕಾರಣ ಇದು. ನನ್ನನ್ನೂ ಅವರು ಕಳಿಸಲಿಲ್ಲ. ಕಾಯಂ ಮಾಡುವುದನ್ನು ಆರು ತಿಂಗಳು ಮುಂದಕ್ಕೆ ಹಾಕಿದರು, ಅಷ್ಟೇ. ಅವತ್ತು ಅವರು ನನ್ನನ್ನು ಮನೆಗೆ ಕಳಿಸಿದ್ದರೆ ನಾನು ಈ ವಿದ್ಯೆಯನ್ನೇ ಬಿಡುತ್ತಿದ್ದೆ.

ಆ ಭಾನುವಾರ ರಜೆಯಲ್ಲೂ ಗಿರಣಿಗೆ ಹೋಗಿ ಕಿಟಕಿಯನ್ನು ಬಿಚ್ಚಿ ಕಟ್ಟಿದೆ. ಮೇಲಿನ ಗೆರೆಯ ಕೆಳಗೆ ಮೂರು ಸಾಲನ್ನು ಖಾಲಿ ಬಿಟ್ಟು, ಅದರ ನೆಲವನ್ನು ಬೇರೆ ಬಣ್ಣ ಮಾಡಿ, ಅದರ ಕೆಳಗೆ ಒಂದು ತೆಳು ಗೆರೆ ಎಳೆದೆ. ಕಿಟಕಿ ತೆರೆದಾಗ ಮಿಣುಕುವ ಚುಕ್ಕೆ ಮೊದಲು ಆ ಅಂಚಿನಲ್ಲೇ ನಿಲ್ಲುವಂತೆ ಮಾಡಿದೆ. ಬರೆಯುವವರು ಅಲ್ಲಿ ಏನು ಬೇಕಾದರೂ ಬರೆಯಬಹುದು, ದಿನವಿಡೀ ಅದು ಕಾಣುತ್ತದೆ, ಎಣಿಕೆಗೆ ಬರುವುದಿಲ್ಲ. ಹದಿನೆಂಟು ಸಾಲು ಹದಿನಾಲ್ಕಾಯಿತು. ಬರೀ ಅಂದಕ್ಕೆಂದು ಹಾಕಿದ್ದ ನೆರಳನ್ನೂ ತೆಗೆದುಹಾಕಿದೆ. ಎಂಟು ದಿನದ ಕೆಲಸ ಅರ್ಧ ನಿಮಿಷದಲ್ಲಿ ಹೋಯಿತು. ಆಶ್ಚರ್ಯವೆಂದರೆ ಒಂದು ಚೂರೂ ನೋವಾಗಲಿಲ್ಲ.

ಆಮೇಲಿನ ವರ್ಷಗಳಲ್ಲಿ ಎಷ್ಟೋ ಕಡೆ ಎಷ್ಟೋ ಕಿಟಕಿಗಳನ್ನು ಕಟ್ಟಿದ್ದೇನೆ. ಹೊಸ ಕೆಲಸ ಹಿಡಿಯುವ ಮೊದಲು, ಅಲ್ಲಿನ ಜನ ಹಾಳೆಯ ಮೇಲೆ ಹೇಗೆ ಬರೆಯುತ್ತಿದ್ದರೆಂದು ಒಂದು ವಾರ ಸುಮ್ಮನೆ ಕೂತು ನೋಡುವುದು ನನಗೆ ಅಭ್ಯಾಸವಾಯಿತು. ಜೊತೆಯವರು ಇದು ಯಾವ ಪುಸ್ತಕದ ಪಾಠ ಎಂದು ಕೇಳುತ್ತಿದ್ದರು. ಪುಸ್ತಕದ್ದಲ್ಲ. ಗೋದಾಮಿನಲ್ಲಿ ಇಬ್ಬರು ಮುದುಕರು ನನಗೆ ಹೇಳಿಕೊಟ್ಟದ್ದು, ಅದರ ಬೆಲೆಯನ್ನೂ ಅವರೇ ಕೊಟ್ಟರು. ಆ ಋಣ ತೀರಿಸುವಂಥದ್ದಲ್ಲ, ನೆನೆಯುವಂಥದ್ದು.

ಸೋಮವಾರ ಬೆಳಿಗ್ಗೆ ಚಾಚಾ ಬಂದು ಕೂತರು. ಕೀಲಿ ವಾಪಸು ಬಂದ ಖುಷಿಯಲ್ಲಿ ಬಸ್ಸಿನಲ್ಲೆಲ್ಲ ನಗುನಗುತ್ತಾ ಬಂದಿದ್ದರು. ನಾನು ಹಿಂದೆ ನಿಂತಿದ್ದೆ. ಕಿಟಕಿ ತೆರೆಯಿತು.

"ಇದೇನು ಬೇಟಿ, ಮ್ಯಾಲೆ ಖಾಲಿ ಐತಲ್ಲ?"

"ಹಾಶಿಯಾ ಚಾಚಾ. ಮೊದಲೇ ಬಿಡಬೇಕಿತ್ತು. ಇಲ್ಲಿ ಬರೆದದ್ದು ಎಣಿಕೆಗೆ ಬರಲ್ಲ."

ನಾನು ಇನ್ನೂ ಮಾತು ಮುಗಿಸಿರಲಿಲ್ಲ. ಇಪ್ಪತ್ತೆರಡು ವರ್ಷ ಸಾಲುಗಳನ್ನು ಬರೆದ ಮನುಷ್ಯ. ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಯ ಮೇಲಿದ್ದ ಹಳೆಯ ತಿಂಗಳ ಕ್ಯಾಲೆಂಡರ್ ನೋಡಿದರು. ತುಟಿ ಅಲುಗುತ್ತಿತ್ತು. ದಿನಗಳನ್ನು ಎಣಿಸುತ್ತಿದ್ದರು. ಎಣಿಸಿ ಮುಗಿಸಿ, ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಯಾ ಅಲ್ಲಾ. ಅಣ್ಣನ ಸೊಂಟದ ಕೀಲಿಗೆ ನಾನೇ ಕೈ ಹಾಕಿದ್ನಾ?"

"ನೀವಲ್ಲ ಚಾಚಾ, ನಾನು. ಜಾಗ ಬಿಡದೆ ಇದ್ದವಳು ನಾನು."

ಅವರಿಗೆ ಕೇಳಿಸಲಿಲ್ಲ. ಹೊರಗೆ ಲಾರಿ ಬಂದು ನಿಂತಿತ್ತು, ಹಾರನ್ ಹೊಡೆಯುತ್ತಿತ್ತು. ಕೀಲಿಯ ಸದ್ದು ಬಾಗಿಲವರೆಗೆ ಬಂದು, ಅಲ್ಲಿಂದ ನಮ್ಮ ಕಡೆಗೇ ಬಂತು.

"ಯಾಕೋ ಮುನ್ಶಿ, ಕೂತು ಇಷ್ಟೊತ್ತಾತಲ್ಲ, ಇನ್ನ ಯಾಕ ತಡ?"

ಚಾಚಾ ತಲೆಯೆತ್ತಲಿಲ್ಲ. "ಇನ್ನ ಮ್ಯಾಲೆ ನಾನು ಬರಿಯಂಗಿಲ್ಲ ಅಣ್ಣಾ. ಬೇಟಿ ಬರೀಲಿ. ನನ್ನ ಕೈ ಆಡವಲ್ದು."

ಕಾಕಾ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ನಾನಾಗಿ ಹೇಳಲಿಲ್ಲ ಎಂದು. ಅವರು ಪಂಚೆಗೆ ಕೈ ಒರೆಸಿಕೊಂಡು, ಚಾಚಾರ ಹೆಗಲ ಮೇಲಿನಿಂದ ಬಗ್ಗಿದರು. ಅದುವರೆಗೆ ಒಂದು ದಿನವೂ ಆ ಕೀಬೋರ್ಡನ್ನು ಮುಟ್ಟಿದವರಲ್ಲ.

"ಏಳು ಎಲ್ಲೈತವ್ವಾ?"

ತೋರಿಸಿದೆ. ದಪ್ಪ ಬೆರಳಿನಿಂದ ಒತ್ತಿದರು. ಅಂಚಿನ ಮೊದಲ ಜಾಗದಲ್ಲಿ ಏಳು ಬಂತು. ಪಕ್ಕದ ಎಂಟನ್ನು ತಾವೇ ಹುಡುಕಿದರು. ಆರಕ್ಕೆ ಸ್ವಲ್ಪ ತಡಕಾಡಿದರು. ಮೂರೂ ಅಂಕಿ ನಿಂತ ಮೇಲೆ, ಸರಿಯಾಗಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು.

"ಇಪ್ಪತ್ತೆರಡು ವರ್ಷ, ನೀನು ಇದನ್ನ ಬರದದ್ದು ನೋಡಿದ ಮ್ಯಾಲೇನೇ ನಾನು ಬಾಗಲಾ ತಗದಿರೋದು" ಎಂದರು ಕಾಕಾ. "ಇವತ್ತು ಯಾಕ ತಪ್ಪಸ್ಲಿ?"

ಅವರು ಹೋಗಿ ಗೋದಾಮಿನ ಬೀಗ ತೆಗೆದು, ಲಾರಿಯವನಿಗೂ ಕೇಳುವಂತೆ ಮೊದಲ ಬೇಲಿನ ಗುರುತನ್ನು ಕೂಗಿದರು. ಚಾಚಾ ಟೋಪಿ ತೆಗೆದು, ಅದರಿಂದಲೇ ಕಣ್ಣೊರೆಸಿಕೊಂಡು, ಮತ್ತೆ ತಲೆಗಿಟ್ಟುಕೊಂಡು ಬರೆಯತೊಡಗಿದರು.